ಮೆಟ್ರೋ, ಸಬರ್ಬನ್ ರೈಲಿಗೆ ಕೋಚ್ ಯಾರ ಹತ್ರ ತಗೋಬೇಕು? ರೇಟ್ ನೋಡೋಕ್ ಮುಂಚೆ ನೋಡ್ಬೇಕಾದ್ದು

ಕೋಚ್ ಟೆಂಡರ್ ಸುದ್ದಿ ಬಂದಾಗೆಲ್ಲ ಒಂದೇ ಪ್ರಶ್ನೆ ಬರತ್ತೆ, "ಕಮ್ಮಿ ರೇಟ್ ಹಾಕಿದೋರಿಗೇ ಯಾಕ್ ಕೊಡ್ತಾರೆ, ಒಳ್ಳೆ ಕಂಪನಿಗೆ ಕೊಡೋಕೆ ಏನ್ ಕಷ್ಟ?" ನಮ್ಮ ಮೆಟ್ರೋದ ಯಲ್ಲೋ ಲೈನ್ (ಹೊಸೂರು ರೋಡಿನ ಕಡೆ ಹೋಗೋದು) ರೈಲಿಗೆ ಕಾದು ಸುಸ್ತಾದೋರು ಕೇಳ್ತಾರೆ, ಎಂಜಿನಿಯರಿಂಗ್ ಓದೋ ಹುಡುಗ್ರು ಕೇಳ್ತಾರೆ, ಬೆಂಗಳೂರು ಸಬರ್ಬನ್ ರೈಲಿನ ಮಾತು ಶುರುವಾದ್ಮೇಲಂತೂ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೇ ಉತ್ತರ ಬರೆಯೋ ಬದಲು ಎಲ್ಲಾ ಒಂದೇ ಕಡೆ ಬರೀತಿದೀನಿ. ಟೆಂಡರ್ ಕಮಿಟಿಯಲ್ಲಿ ನೀವೇ ಕೂತಿದೀರ ಅಂತ ಅಂದ್ಕೊಂಡು ಓದಿ, ಆಗ ಸುಲಭವಾಗಿ ಅರ್ಥ ಆಗತ್ತೆ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಎಲ್-1, ಅಂದ್ರೆ ಎಲ್ಲರಿಗಿಂತ ಕಮ್ಮಿ ಬೆಲೆ ಹಾಕಿದವರು, ಅವರಿಗೆ ಕೆಲಸ ಕೊಡೋದು ತಪ್ಪೇನಲ್ಲ. ತಪ್ಪಾಗೋದು ಅದಕ್ಕಿಂತ ಮುಂಚೆ. ಬೆಲೆಯ ಲಕೋಟೆ ಒಡೆಯೋ ಹೊತ್ತಿಗೆ ಗುಣಮಟ್ಟದ ಲೆಕ್ಕ ಮುಗಿದಿರ್ಬೇಕು, ಆಮೇಲೆ "ಇವರು ಬೇಡ, ಅವರು ಒಳ್ಳೆಯವರು" ಅನ್ನೋಕೆ ಕಾನೂನಲ್ಲಿ ಜಾಗ ಇಲ್ಲ, ಹಾಗೇನಾದ್ರೂ ಅಂದ್ರೆ ಬಿಟ್ಟುಹೋದೋರು ಕೋರ್ಟಿಗೆ ಹೋಗ್ತಾರೆ.

ಕೈಯಲ್ಲಿ ಇರ್ಬೇಕಾದ ಕಾಗದ

ಟೆಂಡರ್ ಡಾಕ್ಯುಮೆಂಟ್ ಪೂರ್ತಿ, ಮುಖ್ಯವಾಗಿ ಅರ್ಹತೆಯ ಭಾಗ, ತಾಂತ್ರಿಕ ವಿವರದ ಭಾಗ ಮತ್ತೆ ಬೆಲೆ ಪಟ್ಟಿ. ಇದರ ಜೊತೆ ಪ್ರಿ-ಬಿಡ್ ಪ್ರಶ್ನೋತ್ತರ, ಅಂದ್ರೆ ಬಿಡ್ ಹಾಕೋಕ್ ಮುಂಚೆ ಕಂಪನಿಗಳು ಕೇಳಿದ ಪ್ರಶ್ನೆಗೆ ಖರೀದಿದಾರರು ಕೊಟ್ಟ ಉತ್ತರ. ಜನ ಇದನ್ನ ಓದೋದೇ ಇಲ್ಲ, ಆದ್ರೆ ಷರತ್ತುಗಳು ಸಡಿಲ ಆಗೋದು ಅಲ್ಲೇ. "ಹತ್ತು ವರ್ಷದ ಅನುಭವ" ಅಂತಿದ್ದಿದ್ದು ಸದ್ದಿಲ್ಲದೆ ಐದಾಗಿರತ್ತೆ. ಇನ್ನೊಂದು, ಆ ಕಂಪನಿಯ ಹಳೇ ಗ್ರಾಹಕರ ಪತ್ರಗಳು.

ಹಂತ 1: ನಿಮ್ಮ ಹಳಿಗೆ ಏನು ಬೇಕು ಅಂತ ಬರ್ಕೊಳ್ಳಿ, ಜಾಸ್ತಿ ಬರೀಬೇಡಿ

ಹಳಿ ಅಗಲ, ಕರೆಂಟ್ ಎಲ್ಲಿಂದ ಎಷ್ಟು ಬರತ್ತೆ, ಪ್ಲಾಟ್‌ಫಾರ್ಮ್ ಎತ್ತರ, ತಿರುವು, ಏರು, ಆಕ್ಸಲ್ ಲೋಡ್ (ಒಂದು ಜೋಡಿ ಚಕ್ರದ ಮೇಲೆ ಬೀಳೋ ಭಾರ), ಪೀಕ್ ಅವರ್ ಜನ. ನಮ್ಮ ಮೆಟ್ರೋ ಓಡೋದು 1435 ಮಿ.ಮೀ ಸ್ಟ್ಯಾಂಡರ್ಡ್ ಗೇಜಲ್ಲಿ, ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಡಿಸಿ. ಸಬರ್ಬನ್ನು 1676 ಮಿ.ಮೀ ಬ್ರಾಡ್ ಗೇಜ್, ಮೇಲಿನ ತಂತಿಯಿಂದ 25 ಕಿಲೋವೋಲ್ಟ್ ಎಸಿ. ಹಾಗಾಗಿ "ಮೆಟ್ರೋಗೆ ಕೊಟ್ಟೋರ ಹತ್ರಾನೇ ಅದೇ ರೈಲು ತಗೊಂಡ್ರೆ ಆಯ್ತಲ್ಲ" ಅನ್ನೋದು ನಡೆಯಲ್ಲ, ಎರಡೂ ಬೇರೆ ಬೇರೆ ಗಾಡಿ.

ಇಲ್ಲಿ ಎಲ್ಲರೂ ಬೀಳೋ ಗುಂಡಿ ಅಂದ್ರೆ ನಮ್ಮೂರಿಗೆ ಅಂತಲೇ ವಿಶೇಷ ಬೇಡಿಕೆ ಸೇರಿಸೋದು. ವಿಶೇಷ ಅಗಲ, ವಿಶೇಷ ಬಾಗಿಲು, ವಿಶೇಷ ಮುಖ. ಒಂದೊಂದು ವಿಶೇಷಕ್ಕೂ ಹೊಸ ಡ್ರಾಯಿಂಗ್, ಹೊಸ ಟೆಸ್ಟು, ಆಮೇಲೆ 20 ವರ್ಷ ಕಳೆದ್ಮೇಲೆ ಆ ಬಿಡಿಭಾಗ ಮಾಡೋರು ಒಬ್ಬರೇ ಉಳಿದಿರ್ತಾರೆ, ಅವರು ಹೇಳಿದ್ದೇ ರೇಟು. ಈಗಾಗಲೇ ಎಲ್ಲಾದ್ರೂ ಓಡ್ತಿರೋ ಡಿಸೈನ್‌ಗೆ ಆದಷ್ಟು ಹತ್ತಿರ ಇರಿ.

ಹಂತ 2: ಅರ್ಹತೆ. ನಿಜವಾದ ಆಯ್ಕೆ ನಡೆಯೋದು ಇಲ್ಲಿ

ನಮ್ಮಲ್ಲಿ ಸಾಮಾನ್ಯವಾಗಿ ಎರಡು ಲಕೋಟೆ ಪದ್ಧತಿ. ಮೊದಲನೇದರಲ್ಲಿ ಕಂಪನಿಯ ಅನುಭವ, ತಾಂತ್ರಿಕ ವಿವರ. ಅದರಲ್ಲಿ ಪಾಸಾದವರದ್ದು ಮಾತ್ರ ಎರಡನೇ, ಬೆಲೆಯ ಲಕೋಟೆ ಒಡೆಯೋದು. ಒಡೆದ್ಮೇಲೆ ಕಮ್ಮಿ ಯಾರದ್ದೋ ಅವರಿಗೆ. ಅಂದ್ರೆ ಮೊದಲ ಲಕೋಟೆಯ ಜರಡಿ ಎಷ್ಟು ಸಣ್ಣದೋ ಗುಣಮಟ್ಟ ಅಷ್ಟೇ.

ಹಾಗಂತ ಸಿಕ್ಕಾಪಟ್ಟೆ ಬಿಗಿ ಮಾಡಿದ್ರೂ ಕಷ್ಟ, ಒಬ್ಬರೇ ಉಳೀತಾರೆ, ಒಬ್ಬರೇ ಉಳಿದ್ರೆ ರೇಟ್ ಮೇಲೆ ಹೋಗತ್ತೆ ಇಲ್ಲಾ ಟೆಂಡರ್ ರದ್ದಾಗತ್ತೆ. ನನ್ನ ಪ್ರಕಾರ ಕಂಪನಿ ದೊಡ್ಡದಾ ಸಣ್ಣದಾ ಅನ್ನೋದನ್ನ ಕೇಳ್ಬೇಡಿ, ಇವನ್ನ ಕೇಳಿ:

- ಕೋಚ್ ಎಷ್ಟು ಮಾಡಿದಾರೆ ಅನ್ನೋದಕ್ಕಿಂತ, ಎಷ್ಟು ಕೋಚ್ ಎಷ್ಟು ವರ್ಷದಿಂದ ಪ್ರಯಾಣಿಕರನ್ನ ಹೊತ್ತು ಓಡ್ತಿವೆ.
- ಅದನ್ನ ಮಾಡಿದ್ದು ಯಾವ ಫ್ಯಾಕ್ಟರಿ, ನಮಗೆ ಮಾಡೋದು ಅದೇ ಫ್ಯಾಕ್ಟರಿನಾ.
- ತಮ್ಮ ದೇಶದ ಹೊರಗೆ, ಬೇರೆಯವರ ನಿಯಮಕ್ಕೆ ತಕ್ಕಂಗೆ ಮಾಡಿಕೊಟ್ಟಿದಾರಾ.
- ಎರಡು ತೊಂದರೆ ನಡುವೆ ರೈಲು ಸರಾಸರಿ ಎಷ್ಟು ಕಿಲೋಮೀಟರ್ ಓಡಿದೆ, ಹಳೇ ಗ್ರಾಹಕರ ಸಹಿ ಇರೋ ಕಾಗದದಲ್ಲಿ. ಕಂಪನಿ ಬ್ರೋಷರಲ್ಲಿ ಇರೋದು ಲೆಕ್ಕಕ್ಕಿಲ್ಲ.

ಫ್ಯಾಕ್ಟರಿ ವಿಷಯ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ ಕಂಪನಿ ಹೆಸರು ಅಂಥಾ ಏನೂ ಹೇಳಲ್ಲ. ಚೀನಾದ ಸಿಆರ್‌ಆರ್‌ಸಿ ಗುಂಪಿನದ್ದೇ ಡಾಲಿಯನ್ ಫ್ಯಾಕ್ಟರಿ ನಾಗಪುರ ಮೆಟ್ರೋಗೆ 69 ಕೋಚ್ ಕೊಡ್ತು, 2019ರಲ್ಲಿ ಅಲ್ಲಿ ರೈಲು ಓಡಿತು. ಅದೇ ಗುಂಪಿನ ಇನ್ನೊಂದು ಕಂಪನಿ ನಾನ್‌ಜಿಂಗ್ ಪುಝೆನ್ ನಮ್ಮ ಮೆಟ್ರೋದ 216 ಕೋಚ್ ಕಾಂಟ್ರಾಕ್ಟ್ ತಗೊಂಡು ಏನಾಯ್ತು ಅಂತ ಹೊಸೂರು ರೋಡಲ್ಲಿ ಓಡಾಡೋರಿಗೆ ಗೊತ್ತು, ಯಲ್ಲೋ ಲೈನಿಗೆ ರೈಲು ಬರೋದು ವರ್ಷಗಟ್ಟಲೆ ತಡ ಆಯ್ತು (ವಿವರ ಹಂತ 3ರಲ್ಲಿ). ಹಾಗೇ ಕೊರಿಯಾದ ಹ್ಯುಂಡೈ ರೋಟೆಮ್. ನಮ್ಮ ಮೆಟ್ರೋದ ಮೊದಲ 150 ಕೋಚ್ ಕೊಟ್ಟ ಬಿಇಎಂಎಲ್ (ಬೆಂಗಳೂರಿನ ಸರ್ಕಾರಿ ಕಂಪನಿ) ಕೂಟದಲ್ಲಿ ಅವರೂ ಇದ್ರು, ಆ ರೈಲುಗಳು 2011ರಿಂದ ಓಡ್ತಾನೇ ಇವೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅವರದ್ದೇ ರೈಲಿನ ಕಥೆ ಬೇರೆ ಆಯ್ತು, ಅದು ಕೆಳಗೆ ಬರತ್ತೆ.

ಹಂತ 3: ಫ್ಯಾಕ್ಟರಿ ಈಗಾಗಲೇ ಇದೆಯಾ, ಇನ್ನು ಕಟ್ತಾರಾ?

ಒಂದು ಟೆಂಡರಲ್ಲಿ ಎಷ್ಟು ಹೊಸದು ಇದೆ ಅಂತ ಬೆರಳಲ್ಲಿ ಎಣಿಸಿ. ಹೊಸ ಫ್ಯಾಕ್ಟರಿ, ಹೊಸ ಡಿಸೈನ್, ಹೊಸ ಸಿಗ್ನಲಿಂಗ್, ಹೊಸ ಪಾಲುದಾರ. ಒಂದಿದ್ರೆ ಸರಿ. ಎರಡಾದ್ರೆ ವೇಳಾಪಟ್ಟಿಗೆ ಒಂದು ವರ್ಷ ಸೇರಿಸಿ ಇಟ್ಕೊಳ್ಳಿ. ಅದಕ್ಕೂ ಜಾಸ್ತಿ ಇದ್ರೆ ಆ ತಾರೀಖನ್ನ ಪೇಪರಿಗೆ ಹೇಳೋಕೆ ಹೋಗ್ಬೇಡಿ.

ಯಲ್ಲೋ ಲೈನ್ ನೋಡಿ. 2019ರ ಡಿಸೆಂಬರಲ್ಲಿ ನಾನ್‌ಜಿಂಗ್ ಪುಝೆನ್ ಜೊತೆ 1,578 ಕೋಟಿಗೆ ಆ 216 ಕೋಚಿನ ಕಾಂಟ್ರಾಕ್ಟ್ ಆಯ್ತು, ಹೆಚ್ಚಿನ ಕೋಚ್ ಇಂಡಿಯಾದಲ್ಲೇ ಮಾಡ್ಬೇಕು ಅನ್ನೋ ಷರತ್ತು ಇತ್ತು, ಕಂಪನಿಗೆ ಇಲ್ಲಿ ಅದಕ್ಕೆ ಫ್ಯಾಕ್ಟರಿ ಇರ್ಲಿಲ್ಲ. ಆಂಧ್ರದ ಶ್ರೀಸಿಟಿಯಲ್ಲಿ ಕಟ್ತೀವಿ ಅಂದಿದ್ದು ಆಗ್ಲಿಲ್ಲ. 2020ರಲ್ಲಿ ಕೋವಿಡ್ ಬಂತು, ಗಡಿ ಗಲಾಟೆ ಆಯ್ತು, ನೆರೆ ದೇಶದ ಕಂಪನಿಗಳ ಮೇಲೆ ಕೇಂದ್ರ ನಿರ್ಬಂಧ ಹಾಕ್ತು, ಚೀನೀ ಎಂಜಿನಿಯರ್‌ಗಳಿಗೆ ವೀಸಾ ಸಿಗೋದು ಕಷ್ಟ ಆಯ್ತು. ಕೊನೆಗೆ ಕೋಲ್ಕತ್ತಾ ಹತ್ರ ಉತ್ತರಪಾರಾದ ಟಿಟಾಗಢ ಕಂಪನಿ ಜೊತೆ ಕೈ ಜೋಡಿಸಿದ್ರು. ಚೀನಾದಲ್ಲಿ ಮಾಡಿದ ಮೊದಲ ರೈಲು ಹೆಬ್ಬಗೋಡಿ ಡಿಪೋಗೆ ಬಂದಿದ್ದು 2024ರ ಫೆಬ್ರವರಿ, ಟಿಟಾಗಢದ ಮೊದಲ ರೈಲು ಹೊರಟಿದ್ದು 2025ರ ಜನವರಿ.

ಗಡಿ ಗಲಾಟೆ ಯಾರಿಗೂ ಮೊದಲೇ ಗೊತ್ತಿರ್ಲಿಲ್ಲ, ಅದಕ್ಕೆ ಕಮಿಟಿಯನ್ನ ಬೈಯೋದು ಸರಿಯಲ್ಲ. ಆದ್ರೆ ಇಲ್ಲದ ಫ್ಯಾಕ್ಟರಿ ಮೇಲೆ ಇಡೀ ವೇಳಾಪಟ್ಟಿ ನಿಂತಿದೆ ಅನ್ನೋದು ಟೆಂಡರ್ ಕಾಗದದಲ್ಲೇ ಕಾಣ್ತಿತ್ತು. "ಇಂಡಿಯಾದಲ್ಲಿ ಮಾಡ್ಬೇಕು" ಅನ್ನೋ ಷರತ್ತು ಹಾಕಿದ್ರೆ, ಬಿಡ್ ಹಾಕೋ ದಿನವೇ ಫ್ಯಾಕ್ಟರಿ ಇರ್ಬೇಕು, ಇಲ್ಲಾ ಇರೋರ ಜೊತೆ ಸಹಿ ಮಾಡಿದ ಒಪ್ಪಂದ ಇರ್ಬೇಕು ಅಂತಲೂ ಕೇಳ್ಬಹುದು. ಬೆಂಗಳೂರಲ್ಲಿ ಬಿಇಎಂಎಲ್, ಶ್ರೀಸಿಟಿ ಮತ್ತೆ ಗುಜರಾತಿನ ಸಾವ್ಲಿಯಲ್ಲಿ ಅಲ್‌ಸ್ಟಾಮ್, ಉತ್ತರಪಾರಾದಲ್ಲಿ ಟಿಟಾಗಢ, ರೈಲ್ವೆಯದ್ದೇ ಚೆನ್ನೈ ಐಸಿಎಫ್, ಇಷ್ಟೆಲ್ಲಾ ಇದೆ. ಆರ್ಡರ್ ಪುಸ್ತಕಾನೂ ನೋಡಿ. ಒಳ್ಳೆ ಫ್ಯಾಕ್ಟರಿಗೆ ಬೇರೆ ಊರಿನ ಕೆಲಸ ತುಂಬಿದ್ರೆ ನಿಮ್ಮದು ಸರದಿಯಲ್ಲಿ ಕೊನೆಗೆ ಹೋಗತ್ತೆ.

ಹಂತ 4: ರೇಟನ್ನ ಒಂದೇ ತಕ್ಕಡಿಗೆ ತನ್ನಿ

ಪೇಪರಲ್ಲಿ ಬರೋ "ಒಂದು ಕೋಚಿಗೆ ಇಷ್ಟು ಕೋಟಿ" ಅನ್ನೋ ಲೆಕ್ಕ ಹೆಚ್ಚಾಗಿ ದಾರಿ ತಪ್ಪಿಸತ್ತೆ. 1,578 ಕೋಟಿಯನ್ನ 216ರಿಂದ ಭಾಗಿಸಿದ್ರೆ ಒಂದಕ್ಕೆ 7.3 ಕೋಟಿ. 2023ರಲ್ಲಿ ಬಿಇಎಂಎಲ್‌ಗೆ ಪಿಂಕ್ ಮತ್ತು ಬ್ಲೂ ಲೈನಿಗೆ 318 ಕೋಚ್ ಕೊಟ್ಟಿದ್ದು 3,177 ಕೋಟಿಗೆ, ಅಂದ್ರೆ ಒಂದಕ್ಕೆ ಸುಮಾರು 10 ಕೋಟಿ. ತಕ್ಷಣ ಜನ "ನೋಡಿ, ಸರ್ಕಾರಿ ಕಂಪನಿಗೆ 2.7 ಕೋಟಿ ಜಾಸ್ತಿ ಕೊಟ್ರು" ಅಂತಾರೆ. ಆದ್ರೆ ಎರಡನೇ ಕಾಂಟ್ರಾಕ್ಟಲ್ಲಿ 15 ವರ್ಷದವರೆಗಿನ ಮೇಂಟೆನೆನ್ಸ್ ಸೇರಿದೆ, ಮಧ್ಯೆ ನಾಲ್ಕು ವರ್ಷದ ಬೆಲೆ ಏರಿಕೆ ಇದೆ. ಇವೆರಡನ್ನ ಪಕ್ಕ ಪಕ್ಕ ಇಟ್ಟು ಯಾರು ದುಬಾರಿ ಅಂತ ಹೇಳೋಕಾಗಲ್ಲ.

ಹೋಲಿಸೋಕ್ ಮುಂಚೆ ಕೇಳಿ: ಬಿಡಿಭಾಗ ಸೇರಿದೆಯಾ, ಸಿಬ್ಬಂದಿ ತರಬೇತಿ ಸೇರಿದೆಯಾ, ಡಿಪೋ ಉಪಕರಣ, ಸಿಮ್ಯುಲೇಟರ್, ತೆರಿಗೆ, ಆಮದು ಸುಂಕ? ಡಾಲರ್ ಏರಿದ್ರೆ ನಷ್ಟ ಯಾರದ್ದು? ಉಕ್ಕು ತಾಮ್ರದ ಬೆಲೆ ಏರಿದ್ರೆ ಕಾಂಟ್ರಾಕ್ಟ್ ಮೊತ್ತ ಏರತ್ತಾ? ಇದಕ್ಕೆ ಬೆಲೆ ವ್ಯತ್ಯಾಸದ ಷರತ್ತು ಅಂತಾರೆ. ಇದು ಇಲ್ಲದೇ ಇರೋ ಕಾಂಟ್ರಾಕ್ಟ್ ನೋಡೋಕೆ ಖರೀದಿದಾರರಿಗೆ ಲಾಭ ಅನಿಸತ್ತೆ, ಆದ್ರೆ ಬೆಲೆ ಏರಿದಾಗ ತಯಾರಕರು ಕೆಲಸ ನಿಧಾನ ಮಾಡ್ತಾರೆ ಅಷ್ಟೇ. ಕೋಚಿನ ನಮೂನೆಯನ್ನೂ ನೋಡಿ, ಮೋಟಾರ್ ಇರೋ ಕೋಚು, ಇಲ್ಲದ್ದು, ಡ್ರೈವರ್ ಕ್ಯಾಬ್ ಇರೋದು, ಮೂರಕ್ಕೂ ಬೇರೆ ಬೇರೆ ಬೆಲೆ.

ಹಂತ 5: 30 ವರ್ಷದ ಖರ್ಚು ಹಾಕಿ

ಮೆಟ್ರೋ ಕೋಚ್ ಅಂದ್ರೆ ಸುಮಾರು 30 ವರ್ಷ ಓಡಿಸೋ ವಸ್ತು. ಕೊಂಡ ಬೆಲೆ ಒಂದ್ಸಲ ಕೊಡ್ತೀರ, ಕರೆಂಟ್ ಬಿಲ್ಲು ಮತ್ತೆ ರಿಪೇರಿ ಪ್ರತಿ ತಿಂಗಳು. ಇದನ್ನೆಲ್ಲಾ ಕೂಡಿಸಿ ಹಾಕೋದನ್ನ ಜೀವಮಾನ ವೆಚ್ಚ ಅಂತಾರೆ. ಅದನ್ನ ಟೆಂಡರಲ್ಲೇ ಸೇರಿಸ್ಬೇಕು, ಹೇಗಂದ್ರೆ ಒಂದು ಕಿಲೋಮೀಟರಿಗೆ ರೈಲು ಎಷ್ಟು ಯೂನಿಟ್ ತಿನ್ನತ್ತೆ ಅಂತ ಬಿಡ್ ಹಾಕೋರಿಂದಲೇ ಗ್ಯಾರಂಟಿ ತಗೊಂಡು ಅದರ ವರ್ಷಗಟ್ಟಲೆ ಬೆಲೆಯನ್ನ ಅವರ ರೇಟಿಗೆ ಕೂಡಿಸಿ ಆಮೇಲೆ ಎಲ್-1 ಯಾರು ಅಂತ ನೋಡೋದು, ನಂತರ ಓಡಿಸಿ ಅಳೆದಾಗ ಜಾಸ್ತಿ ತಿಂದ್ರೆ ದಂಡ ಹಾಕೋದು. ಆಗ ಹಗುರ ಬಾಡಿ, ಒಳ್ಳೆ ಮೋಟಾರ್, ಬ್ರೇಕ್ ಹಾಕಿದಾಗ ಕರೆಂಟ್ ವಾಪಸ್ ಕೊಡೋ ವ್ಯವಸ್ಥೆ ಇರೋರು ರೇಟಲ್ಲೂ ಮುಂದೆ ಬರ್ತಾರೆ.

ಕರೆಂಟ್ ಬಿಟ್ರೆ ಬಾಗಿಲು. ಎಸಿ, ಸೀಟು, ಬಣ್ಣದ ಬಗ್ಗೆ ಎಲ್ಲರೂ ಮಾತಾಡ್ತಾರೆ, ಬಾಗಿಲ ಬಗ್ಗೆ ಯಾರೂ ಮಾತಾಡಲ್ಲ. ಲೆಕ್ಕ ಹಾಕಿ ನೋಡಿ. ಆರು ಕೋಚಿನ ರೈಲು, ಒಂದು ಕೋಚಿಗೆ ಒಂದು ಬದಿಯಲ್ಲಿ ನಾಲ್ಕು ಬಾಗಿಲು, ಒಟ್ಟು 24. ಯಲ್ಲೋ ಲೈನಲ್ಲಿ 16 ನಿಲ್ದಾಣ. ಒಂದು ರೈಲು ದಿನಕ್ಕೆ 24 ಸಲ ಈ ತುದಿಯಿಂದ ಆ ತುದಿಗೆ ಹೋಯ್ತು ಅಂತಿಟ್ಕೊಂಡ್ರೆ ಬಾಗಿಲು ತೆಗೆದು ಹಾಕೋದು ದಿನಕ್ಕೆ 9 ಸಾವಿರಕ್ಕೂ ಜಾಸ್ತಿ ಸಲ, ಒಂದೇ ರೈಲಲ್ಲಿ. ಅದರಲ್ಲಿ ಒಂದು ಬಾಗಿಲು, ಒಂದು ಸಲ, ಬ್ಯಾಗ್ ಪಟ್ಟಿ ಸಿಕ್ಕಿಕೊಂಡಿದ್ದಕ್ಕೋ ಬಾಗಿಲು ಜಾರೋ ಸಂದಿಯಲ್ಲಿ ಸಣ್ಣ ಕಲ್ಲು ಕೂತಿದ್ದಕ್ಕೋ ಮುಚ್ಚಲಿಲ್ಲ ಅಂದ್ರೆ ರೈಲು ಹೊರಡಲ್ಲ, ಹಿಂದಿನ ರೈಲೂ ನಿಲ್ಲತ್ತೆ. ಹಾಗಾಗಿ ಬಾಗಿಲು, ಬ್ರೇಕ್, ಪ್ರೊಪಲ್ಷನ್ (ಮೋಟಾರು ಮತ್ತೆ ಅದನ್ನ ಆಡಿಸೋ ಎಲೆಕ್ಟ್ರಾನಿಕ್ಸ್), ಎಸಿ, ಈ ನಾಲ್ಕನ್ನ ಯಾವ ಸಬ್ ಸಪ್ಲೈಯರ್ ಕೊಡ್ತಾರೆ ಅಂತ ಹೆಸರು ಹೇಳಿಸಿ ಬರೆಸ್ಕೊಳ್ಳಿ, ಸಹಿ ಆದ್ಮೇಲೆ ಕಮ್ಮಿಯದ್ದಕ್ಕೆ ಬದಲಾಯಿಸೋ ಹಾಗಿಲ್ಲ ಅಂತಲೂ. ಸ್ಟೀಲ್ ಡಬ್ಬಿ ಯಾರು ಬೇಕಾದ್ರೂ ಬೆಸುಗೆ ಹಾಕ್ತಾರೆ (ಸ್ವಲ್ಪ ಜಾಸ್ತಿನೇ ಹೇಳಿದೆ, ಅದಕ್ಕೂ ಕೆಳಗೆ ಬರ್ತೀನಿ), ರೈಲು ದಿನಾ ಓಡೋದು ಈ ನಾಲ್ಕರ ಮೇಲೆ.

ಹಂತ 6: ರೇಟ್ ತೀರಾ ಕಮ್ಮಿ ಬಂದ್ರೆ

ಖುಷಿ ಪಡ್ಬೇಡಿ, ಮೊದಲು ಕಾರಣ ಕೇಳಿ. ಅಮೆರಿಕದ ಬಾಸ್ಟನ್‌ನ ಸಾರಿಗೆ ಸಂಸ್ಥೆ ಎಂಬಿಟಿಎ 2014ರಲ್ಲಿ ರೆಡ್ ಲೈನ್, ಆರೆಂಜ್ ಲೈನಿಗೆ 284 ಕೋಚ್ ಕೊಂಡಾಗ ಚೀನಾದ ಸಿಎನ್‌ಆರ್ (ಆಮೇಲೆ ಸಿಆರ್‌ಆರ್‌ಸಿ ಆಯ್ತು) ಹಾಕಿದ್ದು 56.66 ಕೋಟಿ ಡಾಲರ್. ಎರಡನೇ ಕಮ್ಮಿ ರೇಟ್ ಹ್ಯುಂಡೈ ರೋಟೆಮ್, 72.06 ಕೋಟಿ. ಬೊಂಬಾರ್ಡಿಯರ್ 100 ಕೋಟಿ ಡಾಲರಿಗೂ ಮೇಲೆ, ಹೆಚ್ಚುಕಮ್ಮಿ ಎರಡರಷ್ಟು. ಗೆದ್ದವರು ಅದೇ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಲ್ಲಿ ಹೊಸ ಫ್ಯಾಕ್ಟರಿ ಕಟ್ಟಿದ್ರು, ಹೊಸ ಕೆಲಸಗಾರರು, ಕೋಚ್ ಬರೋದು ವರ್ಷಗಟ್ಟಲೆ ತಡ ಆಯ್ತು, ಬಂದ ರೈಲುಗಳನ್ನೂ ಮಧ್ಯೆ ಮಧ್ಯೆ ಓಡಾಟದಿಂದ ತೆಗೆದ್ರು. 2024ರಲ್ಲಿ ಕಾಂಟ್ರಾಕ್ಟ್ ತಿದ್ದಿ 14.8 ಕೋಟಿ ಡಾಲರ್ ವರೆಗೆ ಜಾಸ್ತಿ ಕೊಡೋಕೆ ಒಪ್ಕೊಂಡ್ರು. ಮಧ್ಯೆ ಇನ್ನೂ 120 ಕೋಚ್ ಸೇರಿಸಿದ್ರು, ಕೋವಿಡ್ ಬಂತು, ಸುಂಕ ಏರ್ತು, ಹಾಗಾಗಿ ಪೂರ್ತಿ ಅವರದ್ದೇ ತಪ್ಪು ಅಂತ ಹೇಳಲ್ಲ. ಆದ್ರೆ ಎರಡನೇ ರೇಟಿಗೆ ಹೋಲಿಸಿದ್ರೆ ಮೊದಲು ಉಳಿದ 15.4 ಕೋಟಿ ಡಾಲರ್ ಎಲ್ಲಿ ಹೋಯ್ತು ಅಂತ ಲೆಕ್ಕ ಹಾಕಿ.

ಫಿಲಡೆಲ್ಫಿಯಾದ ಸೆಪ್ಟಾ ಸಂಸ್ಥೆಯದ್ದು ಇನ್ನೂ ಖಾರ. 2017ರಲ್ಲಿ ಹೊರವಲಯದ ರೈಲಿಗೆ 45 ಡಬಲ್ ಡೆಕರ್ ಕೋಚ್, 13.75 ಕೋಟಿ ಡಾಲರಿಗೆ ಸಿಆರ್‌ಆರ್‌ಸಿಗೆ ಕೊಟ್ರು, ಎಲ್ಲರಿಗಿಂತ ಕಮ್ಮಿ ರೇಟು. 2024ರ ಏಪ್ರಿಲಲ್ಲಿ ಕಾಂಟ್ರಾಕ್ಟೇ ರದ್ದು. ಅಷ್ಟೊತ್ತಿಗೆ ಸುಮಾರು 5 ಕೋಟಿ ಡಾಲರ್ ಕೊಟ್ಟಾಗಿತ್ತು, ಪ್ರಯಾಣಿಕರಿಗೆ ಒಂದು ಕೋಚೂ ಸಿಕ್ಕಿರ್ಲಿಲ್ಲ.

ನಮ್ಮ ಸರ್ಕಾರಿ ಖರೀದಿ ಕೈಪಿಡಿಯಲ್ಲೂ ಅಸಹಜವಾಗಿ ಕಮ್ಮಿ ಬಿಡ್ ಬಂದ್ರೆ ಬಿಡಿಸಿ ಲೆಕ್ಕ ಕೊಡಿ ಅಂತ ಲಿಖಿತವಾಗಿ ಕೇಳೋಕೆ ಅವಕಾಶ ಇದೆ. ಉಕ್ಕು ಎಷ್ಟು, ಮೋಟಾರ್ ಎಷ್ಟು, ಕೂಲಿ ಎಷ್ಟು, ಲಾಭ ಎಷ್ಟು. ಉತ್ತರ "ನಮ್ಮದು ದೊಡ್ಡ ಕಂಪನಿ, ನಿಭಾಯಿಸ್ತೀವಿ" ಅಂತಷ್ಟೇ ಬಂದ್ರೆ, ಮಾರುಕಟ್ಟೆಗೆ ಕಾಲಿಡೋಕೆ ನಷ್ಟಕ್ಕೆ ಹಾಕಿದಾರೆ ಅಂತ ತಿಳ್ಕೊಳ್ಳಿ. ಆ ನಷ್ಟ ಸಹಿಸೋ ತಾಳ್ಮೆ ಅವರಿಗೆ ಎಷ್ಟು ದಿನ ಇರತ್ತೆ ಅನ್ನೋದು ನಿಮ್ಮ ಕೈಯಲ್ಲಿಲ್ಲ.

ಹಂತ 7: ಕಾಂಟ್ರಾಕ್ಟಲ್ಲಿ ಹಣ ಯಾವಾಗ ಬಿಡ್ತೀರ

ತಡ ಆದ್ರೆ ಹಾಕೋ ದಂಡಕ್ಕೆ ಸಾಮಾನ್ಯವಾಗಿ ಕಾಂಟ್ರಾಕ್ಟ್ ಮೊತ್ತದ 10% ಅಂತ ಮಿತಿ ಇರತ್ತೆ. ಅದು ಮುಟ್ಟಿದ್ಮೇಲೆ ಇನ್ನೊಂದು ವರ್ಷ ತಡ ಮಾಡಿದ್ರೂ ತಯಾರಕರಿಗೆ ಹೊಸ ನಷ್ಟ ಇಲ್ಲ. ಹಾಗಾಗಿ ದಂಡಕ್ಕಿಂತ ಕಂತಿನ ಮೇಲೆ ಗಮನ ಇಡಿ. ಡ್ರಾಯಿಂಗ್ ಕೊಟ್ಟಿದ್ದಕ್ಕೆ, ಉಕ್ಕು ತರಿಸಿದ್ದಕ್ಕೆ ಅಂತ ಮೊದಲೇ ಹಣ ಸುರಿದ್ರೆ ಕೊನೆಗೆ ಹಿಡಿತ ಇರಲ್ಲ. ದೊಡ್ಡ ಕಂತು ರೈಲು ಪ್ರಯಾಣಿಕರ ಜೊತೆ ಓಡೋಕೆ ಶುರು ಮಾಡಿದ್ಮೇಲೆ, ಇನ್ನೊಂದು ತುಂಡು ಗ್ಯಾರಂಟಿ ಅವಧಿ ಮುಗಿದ್ಮೇಲೆ. ಬ್ಯಾಂಕ್ ಗ್ಯಾರಂಟಿ ತಾರೀಖು ಮುಗಿಯೋಕ್ ಮುಂಚೆ ನವೀಕರಣ ಆಗಿದೆಯಾ ಅಂತ ಒಬ್ಬರು ನೋಡ್ತಾನೇ ಇರ್ಬೇಕು, ಇದು ಮರೆತು ಹೋಗೋ ಕೆಲಸ.

ಆರ್ಡರ್ ಹಂಚೋದನ್ನೂ ಯೋಚಿಸಿ. ವಂದೇ ಭಾರತ್ ಸ್ಲೀಪರ್ 200 ರೈಲಿನ ಟೆಂಡರಲ್ಲಿ ರೈಲ್ವೆ 120 ಒಬ್ಬರಿಗೆ, ಅದೇ ರೇಟಿಗೆ ಒಪ್ಪಿದ ಎರಡನೆಯವರಿಗೆ 80 ಕೊಡ್ತು. ಒಬ್ಬರು ಎಡವಿದ್ರೂ ಇನ್ನೊಬ್ಬರಿದಾರೆ. ಸಣ್ಣ ಲೈನಿಗೆ ಇದು ಬೇಡ, ಎರಡು ನಮೂನೆ ರೈಲಿಗೆ ಎರಡು ಸೆಟ್ ಬಿಡಿಭಾಗ ಇಟ್ಕೋಬೇಕಾಗತ್ತೆ.

ಹಂತ 8: ಮೊದಲ ರೈಲು ಪಾಸಾಗೋ ತನಕ ಉಳಿದದ್ದು ಮಾಡಿಸ್ಬೇಡಿ

ಪ್ರೊಟೊಟೈಪ್, ಅಂದ್ರೆ ಮಾದರಿ ರೈಲು. ಯಲ್ಲೋ ಲೈನಿನ ಮಾದರಿ ರೈಲು ಡಿಪೋಗೆ ಬಂದ್ಮೇಲೆ ಲೈನ್ ತೆರೆಯೋಕೆ ಒಂದೂವರೆ ವರ್ಷ ಹಿಡೀತು. ಡಿಪೋ ಒಳಗಿನ ಪರೀಕ್ಷೆ, ಸಿಗ್ನಲಿಂಗ್ ಜೊತೆ ಹೊಂದಾಣಿಕೆ, ಆರ್‌ಡಿಎಸ್‌ಒ (ರೈಲ್ವೆಯ ಸಂಶೋಧನಾ ಸಂಸ್ಥೆ) ಮಾಡೋ ಆಸಿಲೇಷನ್ ಟೆಸ್ಟ್, ಅಂದ್ರೆ ವೇಗದಲ್ಲಿ ರೈಲು ಎಷ್ಟು ಅಲುಗಾಡತ್ತೆ ಅನ್ನೋ ಪರೀಕ್ಷೆ, ಕೊನೆಗೆ ಮೆಟ್ರೋ ರೈಲು ಸುರಕ್ಷತಾ ಆಯುಕ್ತರ ಒಪ್ಪಿಗೆ. ಹೊಸ ನಮೂನೆ ರೈಲಿಗೆ ಇದು ಯಾವುದೂ ತಪ್ಪಲ್ಲ, ಒಳ್ಳೆ ಕಂಪನಿ ಆದ್ರೂ ತಪ್ಪಲ್ಲ. ವೇಳಾಪಟ್ಟಿಯಲ್ಲಿ "ರೈಲು ಬಂತು, ಮುಂದಿನ ತಿಂಗಳು ಸೇವೆ ಶುರು" ಅಂತ ಬರೆದಿದ್ರೆ ನಂಬ್ಬೇಡಿ. 2025ರ ಆಗಸ್ಟ್ 10ಕ್ಕೆ ಲೈನ್ ಉದ್ಘಾಟನೆ ಆದಾಗ 19.15 ಕಿ.ಮೀ.ಗೆ ಇದ್ದಿದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗೋರು ಮೆಟ್ರೋ ಟೈಮ್‌ಟೇಬಲ್ ನೋಡ್ಕೊಂಡು ಮನೆ ಬಿಡೋ ಪರಿಸ್ಥಿತಿ ಆಗ. ಸೇತುವೆ, ನಿಲ್ದಾಣ ಎಲ್ಲಾ ಸಿದ್ಧ ಇತ್ತು, ರೈಲಿರ್ಲಿಲ್ಲ. ಈ ಕಾದ ತಿಂಗಳುಗಳ ಸಾಲದ ಬಡ್ಡಿ, ಬಾರದ ಟಿಕೆಟ್ ಹಣ, ಎರಡೂ ಕೋಚಿನ ರೇಟಿಗೆ ಸೇರ್ಬೇಕಾದ್ದೇ, ಯಾವ ಬೆಲೆ ಪಟ್ಟಿಯಲ್ಲೂ ಸೇರಿರಲ್ಲ.

ಇನ್ನು ಬೆಸುಗೆ ವಿಷಯ. ಸೆಪ್ಟಾದಲ್ಲಿ ಹ್ಯುಂಡೈ ರೋಟೆಮ್ ಕೊಟ್ಟ 120 ಸಿಲ್ವರ್‌ಲೈನರ್ 5 ಕೋಚುಗಳು ಹಲವು ವರ್ಷ ಓಡಿದ್ಮೇಲೆ, 2016ರ ಜುಲೈ ಶುರುವಲ್ಲಿ ಒಂದು ಕೋಚ್ ಸ್ವಲ್ಪ ವಾಲಿದ ಹಾಗೆ ಕಂಡಿತು. ಕೆಳಗೆ ನೋಡಿದ್ರೆ ಚಕ್ರದ ಚೌಕಟ್ಟಲ್ಲಿ ಭಾರ ಹಂಚೋ ತೊಲೆ ಬಿರುಕು ಬಿಟ್ಟಿತ್ತು. ಉಳಿದವನ್ನ ನೋಡಿದ್ರೆ ಬಹಳಷ್ಟರಲ್ಲಿ ಅದೇ ಬಿರುಕು. 120ನ್ನೂ ನಿಲ್ಲಿಸಿದ್ರು, ಅವರ ಒಟ್ಟು ಕೋಚುಗಳಲ್ಲಿ ಸುಮಾರು ಮೂರನೇ ಒಂದು ಭಾಗ, ಅಕ್ಕಪಕ್ಕದ ರೈಲು ಸಂಸ್ಥೆಗಳಿಂದ ಕೋಚ್ ಬಾಡಿಗೆಗೆ ತಂದು ತಿಂಗಳುಗಟ್ಟಲೆ ನಡೆಸಿದ್ರು. ಇಂಥ ಬಿರುಕು ಹೊಸ ರೈಲಿನ ಓಡಾಟದ ಪರೀಕ್ಷೆಯಲ್ಲಿ ಸಿಗಲ್ಲ, ಲಕ್ಷಗಟ್ಟಲೆ ಸಲ ಭಾರ ಏರಿಳಿದ್ಮೇಲೆ ಬರತ್ತೆ. ಅದಕ್ಕೆ ಚಕ್ರದ ಚೌಕಟ್ಟಿಗೆ ಆಯಾಸ ಪರೀಕ್ಷೆ (ಯಂತ್ರದಲ್ಲಿಟ್ಟು ಅಷ್ಟೂ ಸಲ ಒತ್ತಿ ನೋಡೋದು) ಮಾಡಿದ ವರದಿ ಕೇಳಿ. ಬೆಸುಗೆಯ ಅಲ್ಟ್ರಾಸೋನಿಕ್ ತಪಾಸಣೆಗೆ ಮೂರನೆಯವರನ್ನ ಇಡಿ. ನಿಮ್ಮ ಕಡೆಯ ಇನ್‌ಸ್ಪೆಕ್ಟರ್ ಒಬ್ಬರು ಫ್ಯಾಕ್ಟರಿಯಲ್ಲೇ ಇರ್ಲಿ, ಕೋಚ್ ಡಿಪೋಗೆ ಬಂದ್ಮೇಲೆ ತಪ್ಪು ಹುಡುಕೋದು ತುಂಬಾ ದುಬಾರಿ ಕೆಲಸ. ಗ್ಯಾರಂಟಿ ಷರತ್ತಲ್ಲಿ ಈ ಥರ ಒಂದೇ ದೋಷ ಹಲವು ಕೋಚಲ್ಲಿ ಕಂಡ್ರೆ ಎಲ್ಲಾ ಕೋಚನ್ನೂ ತಯಾರಕರೇ ಸರಿ ಮಾಡ್ಬೇಕು ಅಂತ ಬರೆಸಿ, ಅವಧಿ ಮುಗಿದಿದ್ರೂ ಸಹ. ಎರಡು ವರ್ಷದ ಗ್ಯಾರಂಟಿ ಐದನೇ ವರ್ಷದ ಬಿರುಕಿಗೆ ಉಪಯೋಗಕ್ಕೆ ಬರಲ್ಲ.

ಕೊನೆಯದಾಗಿ ಡ್ರಾಯಿಂಗ್ ಮತ್ತೆ ಸಾಫ್ಟ್‌ವೇರ್. ರೈಲಿನ ಕಂಪ್ಯೂಟರಿನ ದೋಷ ಓದೋ ಲ್ಯಾಪ್‌ಟಾಪ್, ಪಾಸ್‌ವರ್ಡ್, ಬಿಡಿಭಾಗದ ಡ್ರಾಯಿಂಗ್ ನಿಮ್ಮ ಡಿಪೋದಲ್ಲಿ ಇರ್ಬೇಕು ಅಂತ ಟೆಂಡರಲ್ಲೇ ಹಾಕಿ. ಸಹಿ ಆದ್ಮೇಲೆ ಕೇಳಿದ್ರೆ ಅದಕ್ಕೂ ಒಂದು ಕೊಟೇಶನ್ ಬರತ್ತೆ.